ಆರನೇ ತಂಗುಮನೆಗೆ ಒಂದು ಫೋನು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಜೀರುಂಡೆ,

ಹೇಗಿದ್ದೀಯ ಮಗಳೇ? ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿರಲೇಬೇಕು, ಒಣಗಿತೇ? ಹೊಸ ಬೂಟನ್ನು ಒಂದು ವಾರ ಮನೆಯಲ್ಲೇ ಹಾಕಿಕೊಂಡು ತಿರುಗಾಡು ಎಂದರೆ ನೀನು ಕೇಳಿದವಳಲ್ಲ. ನಾನು ಆರೋಗ್ಯವಾಗಿದ್ದೇನೆ. ಹೊಲಿಗೆ ಯಂತ್ರ ತುಳಿಯುವಾಗ ಬಲಮಂಡಿ ಕಟಕಟ ಎನ್ನುತ್ತದೆ, ಅಷ್ಟೆ. ಯಂತ್ರಕ್ಕೆ ಬಿಡುವಾಗ ಅದಕ್ಕೂ ಎರಡು ಹನಿ ಎಣ್ಣೆ ಬಿಡಿ ಎಂದು ಗಿರಾಕಿಯೊಬ್ಬರು ನಕ್ಕರು. ಇರಲಿ. ಪತ್ರದ ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚು. ಒಳಗಿರುವುದು ನಿನ್ನ ಫೋನು. ಮುಖ ಸಿಂಡರಿಸಬೇಡ. ಆರನೇ ತಂಗುಮನೆ ದಾಟಿದರೆ ಮುಂದೆ ಒಂಬತ್ತು ದಿನ ಒಂದು ಸೂರೂ ಇಲ್ಲ, ಎರಡು ಕಡೆ ಹೊಳೆಗೆ ಇಳಿಯಬೇಕು ಎಂದು ಚಾರಣದ ಆಫೀಸಿನ ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆ ಒಂಬತ್ತು ದಿನ ಇದು ನಿನ್ನ ಬಳಿ ಇರಬೇಕು. ನಾನು ಬರೆಯುತ್ತಿರುವುದು ಇದೊಂದಕ್ಕೇ.

ಹೊರಟ ದಿನ ಇದನ್ನು ನನ್ನ ಹೊಲಿಗೆ ಮೇಜಿನ ಮೇಲಿಟ್ಟು, "ಯಾರಾದ್ರೂ ಮಾಡಿದ್ರೆ ನಡೀತಾ ಇದಾಳೆ ಅಂತ ಹೇಳ್ಬಿಡಪ್ಪಾ" ಎಂದು ಹೋದೆ. ಹೇಳಿಬಿಡುವುದು ಅಷ್ಟು ಸುಲಭವೇ? ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವವನು ನಾನು. ನಿನ್ನ ಅಮ್ಮ ಹೋದ ಮೇಲೆ ಅದರಲ್ಲೂ ಆರು ಉಳಿದಿದೆ. ಅಂಥವನಿಗೆ ಈ ಹದಿನಾರು ದಿನದಲ್ಲಿ ಗಂಟಲು ಕಟ್ಟಿದೆ. ನಿನ್ನ ಆಫೀಸಿನವರೊಬ್ಬರು, ಎಲ್ಲಿಗೆ ನಡೀತಿದಾರೆ ಎಂದರು. ಮೇಲಕ್ಕೆ ಎಂದೆ. ಅವರು, ಸಾರಿ ಸಾರ್, ನಮಗೆ ಗೊತ್ತಾಗಲಿಲ್ಲ ಎಂದು ದುಃಖದ ದನಿಯಲ್ಲಿ ಹೇಳಿ ಇಟ್ಟುಬಿಟ್ಟರು. ಮಾರನೆಯ ದಿನ ಹೂಗುಚ್ಛ ಬಂತು! ನೀನು ಬಂದು ಅವರಿಗೆ ಮುಖ ತೋರಿಸಿ ಸರಿಮಾಡಿಕೋ. ವಿಮೆ ಮಾರುವವನಿಗೆ ನೀನಿಲ್ಲ ಎಂದರೆ, ನಿಮ್ಮದಾದ್ರೂ ಮಾಡಿಸೋಣವಾ ಎಂದು ನನ್ನ ವಯಸ್ಸು ಕೇಳಿದ, ಹೇಳಿದೆ, ತಾನಾಗಿಯೇ ಇಟ್ಟ. ನಿನ್ನ ಹಲ್ಲಿನ ಡಾಕ್ಟರ್ ಗೆಳತಿ ದಿನಾ ಮಾಡಿ "ಅಂಕಲ್, ಊಟ ಆಯ್ತಾ?" ಎನ್ನುತ್ತಾಳೆ. ಇದು ನಿನ್ನದೇ ಏರ್ಪಾಡು ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಎಲ್ಲಕ್ಕಿಂತ ಬೆಳಿಗ್ಗೆ ಐದಕ್ಕೆ ಇದು ತಾನಾಗಿ ಕಿರುಚುವುದು ತಡೆಯಲಾಗದು. ನಿಲ್ಲಿಸಲು ಬರದೆ, ಗಿರಾಕಿಯ ಪ್ಯಾಂಟುಗಳ ರಾಶಿಯ ಕೆಳಗೆ ತುರುಕಿದೆ. ಪ್ಯಾಂಟೆಲ್ಲ ಮೈಮೇಲೆ ಬಂದವರ ಹಾಗೆ ನಡುಗಿದವು.

ಇವೆಲ್ಲ ಸಹಿಸಿಕೊಂಡೆ. ಆದರೆ ನಾಲ್ಕನೇ ತಂಗುಮನೆಯಲ್ಲಿ ನೀನು ಮಾಡಿದ್ದನ್ನು ಸಹಿಸಲಾರೆ. ನಮ್ಮ ನಡುವೆ ಆದ ಮಾತೇನು? ಫೋನು ಬೇಡವೆಂದರೆ ಬೇಡ, ಪ್ರತಿ ತಂಗುಮನೆಯ ಪುಸ್ತಕದಲ್ಲಿ ಹೆಸರು ಬರೆಯುತ್ತೇನೆ, ಅಲ್ಲಿನವರು ಸಂಜೆ ವೈರ್‌ಲೆಸ್‌ನಲ್ಲಿ ಚಾರಣದ ಆಫೀಸಿಗೆ ಓದಿ ಹೇಳುತ್ತಾರೆ, ನೀನು ಹೋಗಿ ಕೇಳಪ್ಪಾ ಎಂದೆ. ನಾನು ಹಾಗೇ ಹೋಗುತ್ತಿದ್ದೆ. ಮೂರು ತಂಗುಮನೆಗಳವರೆಗೆ ಎಲ್ಲ ಸರಿ. ಆ ಆಫೀಸಿನ ಗುಮಾಸ್ತೆ ನನ್ನನ್ನು ಕಂಡರೆ ಕಿಟಕಿಯಿಂದಲೇ, "ಬಂದಿದೆ ಟೈಲರ್ ಸಾರ್, ನಿಮ್ಮ ಮಗಳು ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದಾಳಾ ಹೇಗೆ?" ಎನ್ನುತ್ತಿದ್ದರು. ಈ ಸೋಮವಾರ ಹೋದರೆ ನಿನ್ನ ಹೆಸರಿಲ್ಲ. ಮಂಗಳವಾರವೂ ಇಲ್ಲ. ಆ ದಿನ ಒಂದು ಕೋಟಿನ ಎರಡೂ ತೋಳು ಎಡಗೈಗೇ ಕತ್ತರಿಸಿದೆ, ನಲವತ್ತು ವರ್ಷದಲ್ಲಿ ಮೊದಲ ಸಲ. ನಿನ್ನೆ ಗುಮಾಸ್ತೆ ಮೊದಲಿನಂತೆ ತಮಾಷೆ ಮಾಡಲಿಲ್ಲ. ಕುರ್ಚಿ ಎಳೆದು ಕೂರಿಸಿ, ಇನ್ನೊಂದು ದಿನ ನೋಡಿ ಹುಡುಕೋರನ್ನ ಕಳಿಸೋಣ ಸಾರ್ ಎಂದರು. ಆಮೇಲೆ ಏನೋ ಹೊಳೆದವರ ಹಾಗೆ ನಾಲ್ಕನೇ ತಂಗುಮನೆಗೆ ವೈರ್‌ಲೆಸ್ ಹಚ್ಚಿ, ಒಂಟಿಯಾಗಿ ಬಂದ ಹೆಂಗಸರು ಯಾರಾದರೂ ಇದ್ದಾರಾ ಎಂದು ಕೇಳಿದರು. ಭಾನುವಾರ ಒಬ್ಬರು ಬಂದು ಹೋದರಂತೆ, ಆದ್ರೆ ನಿಮ್ಮ ಮಗಳಲ್ಲ ಸಾರ್ ಎಂದು ಆ ಹೆಸರನ್ನು ಓದಿದರು.

ನಿನ್ನ ಅಮ್ಮನ ಹೆಸರು.

ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಕೂತು, "ನೀವು ಮುಂದೆ ಹೋಗಿ, ನಾನೇನು ಓಡಿಹೋಗಲ್ಲ" ಎನ್ನುತ್ತಿದ್ದವಳು ನಾಲ್ಕನೇ ತಂಗುಮನೆ ತಲುಪಿದ್ದಾಳೆ ಎಂದು ಕೇಳಿ ನನಗೇನಾಯಿತೆಂದು ಬರೆಯಲಾರೆ. ಗುಮಾಸ್ತೆ ಬೆಂಚಿನ ಮೇಲೆ ಮಲಗಿಸಿ ನೀರು ಕೊಟ್ಟರು. ನೀನು ಯಾಕೆ ಬರೆದೆ ಎಂದು ನನಗೆ ಅರ್ಥವಾಗುತ್ತದೆ. ಅವಳಿಗೂ ಒಂದು ಬೆಟ್ಟ ತೋರಿಸಬೇಕೆನಿಸಿರಬೇಕು. ಬರೆ, ಬೇಡ ಎನ್ನುವುದಿಲ್ಲ. ಆದರೆ ಅದರ ಕೆಳಗೆ ನಿನ್ನ ಹೆಸರನ್ನೂ ಬರೆಯಲು ಏನು ಕಷ್ಟ? ಪುಸ್ತಕದಲ್ಲಿ ಒಂದು ಸಾಲು ಹೆಚ್ಚು ಖರ್ಚಾಗುತ್ತಿತ್ತೇ? ಮೂರು ದಿನ ನಾನು ಇಬ್ಬರನ್ನೂ ಕಳೆದುಕೊಂಡಂತೆ ತಿರುಗಿದೆ, ತಾಯಿ.

ಅದಕ್ಕೇ ಫೋನು. ನಿನ್ನ ವಾದಗಳೆಲ್ಲ ನನಗೆ ಬಾಯಿಪಾಠ. ಫೋನಿದ್ರೆ ಕಾಡು ಕಾಣಲ್ಲ, ಫೋನೇ ಕಾಣುತ್ತೆ ಎನ್ನುತ್ತೀಯ. ಸರಿ, ಚೀಲದ ತಳದಲ್ಲಿಡು, ಯಾರು ನೋಡು ಎಂದರು? ಸಿಗ್ನಲ್ಲೇ ಇರಲ್ಲ. ಗುಮಾಸ್ತೆಯನ್ನು ಕೇಳಿದ್ದೇನೆ: ಮೊದಲ ಹೊಳೆಯ ಮೇಲಿನ ದಿಬ್ಬದಲ್ಲಿ ಸಿಗುತ್ತದೆ, ಎರಡನೆಯ ಕಣಿವೆಯ ಬಾಯಲ್ಲೂ ಸಿಗುತ್ತದೆ. ನಕ್ಷೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಕಳಿಸಿದ್ದೇನೆ. ಉಜ್ಜಿಹೋಗುವ ಮೊದಲು ಪೆನ್ನಿನಲ್ಲಿ ತಿದ್ದಿಕೋ. ಭಾರ ಎನ್ನುತ್ತೀಯ. ತೂಗಿ ನೋಡಿದೆ, ನಿನ್ನ ಆ ಮೂರು ಜೊತೆ ಕಾಲುಚೀಲಕ್ಕಿಂತ ಕಡಿಮೆ. ಭುಜದ ಪಟ್ಟಿಗೆ ಇದರ ಅಳತೆಗೇ ಒಂದು ಜೇಬು ಹೊಲಿದು ಕೊಟ್ಟಿದ್ದೆ, ಒಳಗೆ ಮೇಣಬಟ್ಟೆ ಹಾಕಿ, ಎರಡು ಸಾಲು ಹೊಲಿಗೆ ಹಾಕಿ. ಅದರಲ್ಲಿ ನೀನು ಬಾಚಣಿಗೆ ಇಟ್ಟುಕೊಂಡು ಹೋದೆ! ಬೆಟ್ಟದಲ್ಲಿ ಯಾರಿಗೆ ತಲೆ ಬಾಚಿ ತೋರಿಸಬೇಕಿತ್ತೋ.

ನಿನ್ನ ಕೊನೆಯ ಮಾತೊಂದು ಉಳಿದಿದೆ. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಾ, ತಲೆ ಎತ್ತದೆ, "ಅಮ್ಮ ಕರೆದಾಗ್ಲೇ ಎತ್ತಲಿಲ್ಲ. ಇನ್ನು ಯಾರಿಗೆ ಎತ್ತೋಕಪ್ಪಾ ಇದು?" ಎಂದೆ. ಹೋದ ವರ್ಷವೂ, ಅಮ್ಮ ಹೋದ ದಿನ, ನೀನು ಬೆಟ್ಟದಲ್ಲಿದ್ದೆ, ಫೋನು ನಿನ್ನ ಬೀರುವಿನಲ್ಲಿತ್ತು. ನಾನು ಗಾಬರಿಯಲ್ಲಿ ಅದನ್ನೂ ಮರೆತು ಕರೆದರೆ ಪಕ್ಕದ ಕೋಣೆಯಲ್ಲೇ ಬಟ್ಟೆಗಳ ನಡುವೆ ಬಡಿದುಕೊಂಡಿತು. ಆರನೆಯ ದಿನ ನೀನು ಬಿಸಿಲಿಗೆ ಸುಲಿದ ಮೂಗು ಹೊತ್ತು ನಗುತ್ತಾ ಬಂದೆ. ನಾನು ಹೇಳಿದ್ದು ಒಂದೇ ಮಾತು, "ಮೂರು ಸಲ ಕರೆದ್ವಿ." ಅಂದಿನಿಂದ ನೀನು ಇದನ್ನು ಮುಟ್ಟುವಾಗಲೆಲ್ಲ ಬಿಸಿ ಪಾತ್ರೆ ಮುಟ್ಟಿದಂತೆ ಮುಟ್ಟುತ್ತೀಯ. ನಾನು ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದೇನೆ.

ಸಾಕು. ಚೆನ್ನಾಗಿ ತಿನ್ನು, ಹೊಳೆಯಲ್ಲಿ ಕೋಲು ಊರಿ ಆಳ ನೋಡಿಯೇ ಕಾಲಿಡು. ಆರನೇ ತಂಗುಮನೆಯವರಿಗೆ ನನ್ನ ನಮಸ್ಕಾರ ಹೇಳು. ಅವರ ಹರಿದ ಜಾಕೀಟು ಕಳಿಸಿದರೆ ಹೊಲಿದು ಕೊಡುತ್ತೇನೆ. ಬೈದಿದ್ದೆಲ್ಲ ಮೇಲಿನ ಹಾಳೆಗಳಲ್ಲೇ ಉಳಿಯಲಿ, ಆಶೀರ್ವಾದ ಮಾತ್ರ ನಿನ್ನ ಜೊತೆ ಬರಲಿ.

ಇಂತಿ,
ನಿನ್ನ ಅಪ್ಪ

ವಿ.ಸೂ.: ಇದನ್ನು ಆರನೇ ತಂಗುಮನೆಗೆ ಒಯ್ಯುವ ಸಾಮಾನು ಹೊರುವವನು ಅಂಗಡಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೂರು ಸಲ ಕರೆದ್ವಿ ಎಂದಿದ್ದೆನಲ್ಲ, ಕರೆದದ್ದು ನಾನೊಬ್ಬನೇ. ಡೈರಿ ತೆಗೆದು ನೋಡಿದೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಬಿದ್ದಳು, ಒಂಬತ್ತೂಕಾಲಿಗೆ ಕೆಳಮನೆಯ ನರ್ಸಮ್ಮ ಬಂದು ನಾಡಿ ನೋಡಿ ಕೈ ಕೆಳಗಿಟ್ಟರು. ಅದಾದ ಮೇಲೆ ನಾನು ಫೋನು ಮಾಡಿದ್ದು. ಅಮ್ಮ ನಿನ್ನನ್ನು ಕೇಳಲಿಲ್ಲ, ಕಾಯಲಿಲ್ಲ, ಅವಳಿಗೆ ಅಷ್ಟು ಹೊತ್ತೇ ಇರಲಿಲ್ಲ. ನೀನು ಪಕ್ಕದ ಬೀದಿಯಲ್ಲಿದ್ದರೂ ಅಷ್ಟೆ. ಮನೆಯಲ್ಲಿ ಒಬ್ಬನೇ ಇರಲಾಗದೆ ನಾನು ಕರೆದೆ. ನೀನು ಬೇರೆ ಅರ್ಥ ಮಾಡಿಕೊಂಡೆ ಎಂದು ಅಂದೇ ತಿಳಿಯಿತು. ಸಿಟ್ಟಿತ್ತು, ತಿದ್ದಲಿಲ್ಲ. ಒಂದು ವರ್ಷ ತಿದ್ದಲಿಲ್ಲ. ಫೋನು ಆರಿಸಿ ಕಳಿಸಿದ್ದೇನೆ. ನಾನು ಮಾಡುವುದಿಲ್ಲ, ಖಂಡಿತ. ಕಾಲು ಜಾರಿದರೆ ಹಚ್ಚು. ಇದನ್ನು ಓದಿ ನನ್ನನ್ನು ಬೈಯಬೇಕೆನಿಸಿದರೆ, ಅದಕ್ಕೂ ಆ ದಿಬ್ಬದ ಮೇಲೆ ಸಿಗ್ನಲ್ ಇದೆ.