ಚೆಲುವಮ್ಮ ಮನೆಗೆ ಹೋಗಿರಲಿಲ್ಲ

ಆಸ್ಪತ್ರೆ ಸೋಂಕು ನಿಯಂತ್ರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೇಗೂರಿನ ಚೆಲುವಮ್ಮನ ಸಾವಿಗೆ ‘ಮನೆಯ ಅಶುಚಿತ್ವದಿಂದ ತಗುಲಿದ ಸೋಂಕು’ ಕಾರಣವೆಂದು ತಮ್ಮ ವರದಿ ಹೇಳುತ್ತದೆ. ಗಂಜಿ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಆಕೆಯನ್ನು ಕೂಡಲೇ ಜೀಪಿನಲ್ಲಿ ಗಡಿಯಾಚೆಯ ತಮ್ಮ ಆಸ್ಪತ್ರೆಗೆ ತಂದು ಸೇರಿಸಿದ್ದರು. ಸಾಯುವವರೆಗಿನ ಹನ್ನೊಂದು ದಿನವೂ ಆಕೆ ತಮ್ಮ ವಾರ್ಡಿನ ಹಾಸಿಗೆಯಲ್ಲೇ ಇದ್ದಳು. ಮನೆಯ ಕೊಳಕು ಆಕೆಯನ್ನು ಹುಡುಕಿಕೊಂಡು ಬಸ್ಸು ಹತ್ತಿ ಬಂತೇ?

ನಾನು ಫಾರ್ಮಸಿ ವಿದ್ಯಾರ್ಥಿನಿ. ತಮ್ಮ ಔಷಧ ವಿಭಾಗದಲ್ಲಿ ತರಬೇತಿಯಲ್ಲಿದ್ದೆ. ಗಾಯ ತೊಳೆಯುವ ನಂಜುನಿವಾರಕಕ್ಕೆ ನಲ್ಲಿ ನೀರು ಬೆರೆಸಿ ವಾರ್ಡಿನ ಬಾಟಲಿಗಳಿಗೆ ತುಂಬಿಸುವುದು ನನ್ನ ಕೆಲಸ. ತಳದಲ್ಲಿ ಹಳೆಯದು ಉಳಿದಿರುವಾಗಲೇ ಮೇಲೆ ಹೊಸದು. ತೀರ ತೆಳುವಾದ ನಂಜುನಿವಾರಕದಲ್ಲಿ ಕೀವನ್ನು ಹಸಿರಾಗಿಸುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಾಯುವ ಬದಲು ಬೆಳೆಯಬಲ್ಲದು, ಸುಟ್ಟ ಗಾಯದಲ್ಲಿ ಸಲೀಸಾಗಿ ಬೇರೂರುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವಳು ನಾನು. ಹಾಗಾಗಿ ಫಾರ್ಮಸಿಸ್ಟ್ ಸಜೀವ್ ಅವರನ್ನು ಮಲಯಾಳಂನಲ್ಲೇ ಕೇಳಿದೆ: “ಬಾಟಲಿ ತೊಳೆದು, ಶುದ್ಧ ಮಾಡಿ ಆಮೇಲೆ ತುಂಬೋದಲ್ವಾ ಸಾರ್?”

“ಇದೇ ರೋಗಾಣು ಕೊಲ್ಲುವ ಅಣುನಾಶಿನಿ ಅಲ್ವಾ ಮೋಳೆ, ಇದರೊಳಗೆ ಎಂಥ ಅಣು ಬದುಕ್ತದೆ? ಸಮಯ ಇಲ್ಲ, ತುಂಬು” ಎಂದು, ಮಗಳೆಂದು ಕರೆಯುತ್ತಲೇ ಅವಸರಪಡಿಸಿದರು.

ತುಂಬಿಸಿದೆ.

ಐದನೆಯ ದಿನ ಚೆಲುವಮ್ಮನ ಬ್ಯಾಂಡೇಜು ಹಸಿರಾಗಿತ್ತು. ಆ ಮಲಯಾಳಂ ವಾರ್ಡಿನಲ್ಲಿ ಕನ್ನಡ ಆಡುವವಳು ನಾನೊಬ್ಬಳೇ. ಆಕೆ ನನ್ನ ಕೈ ಹಿಡಿದುಕೊಂಡು, “ದಿನಾ ಮದ್ದಲ್ಲೇ ತೊಳೀತಾರಲ್ಲ ಮಗಾ, ಆದ್ರೂ ಯಾಕೆ ನಾತ ಬತ್ತದೆ?” ಎಂದಳು. “ವಾಸಿಯಾಗ್ತದೆ ಅಮ್ಮ” ಎಂದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ತಮ್ಮ ವರದಿಯಲ್ಲಿ ಮಾತ್ರ ಓದಿದ್ದೇನೆ.

ಅಂದೇ ಒಂದು ಬಾಟಲಿಯನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದೆ. ಎರಡು ದಿನಗಳಲ್ಲಿ ಪರೀಕ್ಷೆಯ ತಟ್ಟೆಯ ತುಂಬ ಅದೇ ಹಸಿರು, ಅದೇ ಬ್ಯಾಕ್ಟೀರಿಯಾ. ಫಲಿತಾಂಶವನ್ನು ತಮ್ಮ ಕಚೇರಿಗೆ ಕೊಟ್ಟಾಗ ಗುಮಾಸ್ತರು ಅದನ್ನು ಓದಿ, “ನಿನಗೆ ತರಬೇತಿಯ ಸರ್ಟಿಫಿಕೇಟ್ ಬೇಕಲ್ವಾ?” ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಬಾಟಲಿಗಳು ವಾರ್ಡಿನಲ್ಲೇ ಉಳಿದವು. ಸೋಂಕು ರಕ್ತಕ್ಕೇರಿ ಚೆಲುವಮ್ಮ ಸತ್ತಳು.

ಕಳೆದ ವಾರ ಬೇಗೂರಿಗೆ ಹೋಗಿದ್ದೆ. ಆಕೆಯ ಗಂಡ ಶಿವನಂಜಪ್ಪ ಮಧ್ಯಾಹ್ನದ ಬಿಸಿಲಲ್ಲಿ ಕೂತು ತೊಳೆದ ಪಾತ್ರೆಗಳನ್ನೇ ಮತ್ತೆ ಬೂದಿ ಹಾಕಿ ಉಜ್ಜುತ್ತಿದ್ದರು. ನೆಲಕ್ಕೆ ದಿನಕ್ಕೆ ಮೂರು ಸಲ ಫಿನಾಯಿಲು. ತಲೆ ಎತ್ತದೆ ಕೇಳಿದರು: “ನಮ್ ಮನೆ ಅಷ್ಟು ಗಲೀಜಾಗಿತ್ತಾ ಮಗಾ?” ಸಾಕ್ಷಿಯನ್ನು ಮೇಜಿನ ಮೇಲಿಟ್ಟುಕೊಂಡೇ ಆ ಸಾಲು ಬರೆದ ತಾವು ಅವರಿಗೆ ಏನು ಉತ್ತರ ಕೊಡುತ್ತೀರಿ?

ಇಂದೇ ಆ ಬಾಟಲಿಗಳನ್ನು ವಾರ್ಡಿನಿಂದ ತೆಗೆಸಿ. ವರದಿಯ ಆ ಸಾಲನ್ನು ಹೊಡೆದುಹಾಕಿ, ನಿಜವಾದ ಕಾರಣ ಬರೆಯಿರಿ. ತುಂಬಿಸಿದವಳ ಹೆಸರನ್ನೂ ಸೇರಿಸಿ. ಆಮೇಲೆ ತಾವೇ ಬೇಗೂರಿಗೆ ಹೋಗಿ, ಶಿವನಂಜಪ್ಪನವರಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಓದಿ ಹೇಳಿ.

ಇಂತಿ,
ಗೊತ್ತಿದ್ದೂ ತುಂಬಿಸಿದ,
ಗೀತಾಂಜಲಿ