ಕಮರದ ಗುಡ್ಡದ ನೀರು

ದೋಣಿಗುಡ್ಡ, ತಾಲೂಕು ಯಲಬುರ್ಗಾ
ತಾ. 12-3-1946

ಫಕೀರಮ್ಮನ ಅಪ್ಪ ಅವರಿಗೆ ಹುಲಿಗವ್ವ ಮಾಡುವ ಶರಣಾರ್ಥಿ.

ನೀವು ಊರು ಬಿಟ್ಟು ಐದು ವರ್ಷ ದಾಟಿತು. ಈ ಕಾಗದವನ್ನು ಟಪಾಲಿಗೆ ಹಾಕುತ್ತಿಲ್ಲ. ನೂರಸಾಬರ ಮಗ ಶಬ್ಬೀರಸಾಬ ತನ್ನ ಕೈಯಿಂದಲೇ ತಂದುಕೊಡುತ್ತಾನೆ. ಹೋದ ತಿಂಗಳು ಅವನು ಸುಣ್ಣದ ಬಂಡಿ ಹೊಡೆದುಕೊಂಡು ಮುನಿರಾಬಾದಿಗೆ ಹೋದಾಗ ನೀವು ಅಲ್ಲಿ ಕಲ್ಲು ಒಡೆಯುತ್ತಿದ್ದಿರಂತೆ, ತಲೆ ಪೂರಾ ಬೆಳ್ಳಗಾಗಿದೆಯಂತೆ. ಅವನನ್ನು ಕಂಡು ಮುಖ ತಿರುಗಿಸಿದಿರಂತೆ. ಈ ಸಲ ತಿರುಗಿಸಬೇಡಿ. ಕಾಗದವನ್ನು ಬೇರೆಯವರ ಕೈಯಲ್ಲಿ ಓದಿಸಲೂ ಬೇಡಿ. ಪಡಸಾಲೆಯಲ್ಲಿ ಬೂದಿ ಹರವಿ ನಿಮ್ಮ ಬೆರಳು ಹಿಡಿದು ನಾನೇ ಕಲಿಸಿದ ಅಕ್ಷರ ಇವು. ಒಂದೊಂದಾಗಿ ಕೂಡಿಸಿಕೊಂಡು ಓದಿರಿ.

ಊರಿನ ಸುದ್ದಿ ಮೊದಲು ಹೇಳುತ್ತೇನೆ. ನಿಮ್ಮ ಗುಡ್ಡ ಈಗ ಬೋಳು. ಸತ್ತು ನಿಂತಿದ್ದ ಕಮರದ ಗಿಡಗಳೆಲ್ಲ ಒಂದೊಂದಾಗಿ ಉರುಳಿ, ಜನ ಕಡಿದು ಒಯ್ದು ಉರಿಸಿ ಮುಗಿಸಿದರು. ಬಂಡೆಯ ದೋಣಿಯಲ್ಲಿ, ಆ ಕಲ್ಲುಹೊಂಡದಲ್ಲಿ, ಸಂಕ್ರಾಂತಿಗೇ ಸೆಲೆ ಬತ್ತುತ್ತದೆ. ಮಳೆ ಬಂದರೆ ಒಂದು ತಾಸು ಕೆಂಪಗೆ ಧುಮುಕಿ ಹರಿದು ಹೋಗುತ್ತದೆ, ಮರುದಿನ ನೋಡಿದರೆ ಬರೀ ಮರಳು. ದೋಣಿಯ ನೀರು ಇಳಿದು ಬೀಳುತ್ತಿದ್ದ ಊರ ಮುಂದಿನ ತೊಟ್ಟಿಯಲ್ಲಿ ಹೂಳು ತುಂಬಿ ಆಡುಗಳು ಮಲಗುತ್ತವೆ.

ಹುಳ ಬಿದ್ದ ಮೊದಲ ವರ್ಷ ನಿಮಗೆ ನೆನಪಿರಬೇಕು. ನೀವು ಗುಡ್ಡದ ಕಾವಲು ಮುಗಿಸಿ ಬಂದವರು ಹೆಗಲ ವಲ್ಲಿಯ ಗಂಟು ಬಿಚ್ಚಿ ತೋರಿಸಿದಿರಿ. ಜೋಳದ ಹಿಟ್ಟಿನಂಥ ಪುಡಿ. ಗಿಡದ ಬುಡದಲ್ಲಿ ಹೀಗೆ ಗುಪ್ಪೆ ಗುಪ್ಪೆ ಬಿದ್ದಿದೆ, ಹುಳ ಒಳಗೆ ಕೊರೆಯುತ್ತಿದೆ ಅಂದಿರಿ. ನನ್ನನ್ನೂ ಕರೆದೊಯ್ದು ಕಾಂಡಕ್ಕೆ ಕಿವಿ ಹಚ್ಚಿಸಿದಿರಿ. ಒಳಗೆ ಯಾರೋ ಒಣರೊಟ್ಟಿ ಕಡಿಯುತ್ತಿರುವ ಹಾಗೆ ಸದ್ದು ಬರುತ್ತಿತ್ತು. ಹುಳ ಹತ್ತಿದ ಇಪ್ಪತ್ತು ಗಿಡ ಕಡಿದು ಸುಟ್ಟರೆ ಉಳಿದ ಗುಡ್ಡ ಉಳಿಯುತ್ತದೆಂದು ಮೇಲಿನ ಸಾಹೇಬರ ಹತ್ತಿರ ಮೂರು ಸಲ ನಡೆದು ಹೋದಿರಿ. ಹಂಗಾಮು ಮುಗಿದರೆ ಹುಳ ತಾನೇ ಹೋಗುತ್ತದೆ, ಅಪ್ಪಣೆಯಿಲ್ಲದೆ ಒಂದು ಟೊಂಗೆ ಕಡಿದರೂ ನೌಕರಿ ಇರುವುದಿಲ್ಲ ಎಂದು ಕಳಿಸಿದರು. ಎರಡನೆಯ ದೀಪಾವಳಿಗೆ ಗುಡ್ಡ ಪೂರಾ ಕಂದಿತು.

ಆಮೇಲಿನ ಬೇಸಿಗೆಯಲ್ಲಿ ಆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪ್ರತಿ ಚೈತ್ರಕ್ಕೆ ಸಣ್ಣಗಾಗುವ ಸೆಲೆ ಆ ವರ್ಷ ಎರಡರಷ್ಟು ದಪ್ಪಗೆ ಹರಿಯಿತು. ದೋಣಿ ತುಂಬಿ ಹೊರಚೆಲ್ಲಿತು. ಹೆಂಗಸರು ಅರಿಷಿಣ ಕುಂಕುಮ ತೆಗೆದುಕೊಂಡು ಹತ್ತಿದರು. ಗಂಗವ್ವ ಒಲಿದಳೆಂದು ಊರಿಗೆ ಊರೇ ಹೋಳಿಗೆ ಮಾಡಿತು. ನೀವು ಮಾತ್ರ ಉಣ್ಣಲಿಲ್ಲ.

"ಕುಡಿಯೋ ಗಿಡ ಸತ್ತಾವ, ಅದಕ್ಕ ನೀರು ಉಳದೈತಿ," ಅಂದಿರಿ. "ಇದು ಬಂದ ನೀರಲ್ಲ ಹುಲಿಗವ್ವ, ಉಳದ ನೀರು."

ಮುಂದಿನ ಮಳೆಗೆ ನಿಮ್ಮ ಮಾತು ತಿಳಿಯಿತು. ಎಲೆಯ ನೆರಳಿಲ್ಲ, ಬೇರಿನ ಹಿಡಿತವಿಲ್ಲ. ಕೊಳೆತ ತೊಗಟೆ, ದನದ ಸಗಣಿ, ಮಣ್ಣು ಎಲ್ಲವೂ ತೊಳೆದು ದೋಣಿಗೇ ಇಳಿದವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ನೀವು ಮನೆ ಮನೆಗೆ ಹೋಗಿ ಈ ನೀರು ಕುಡಿಯಬೇಡಿರಿ, ನೂರಸಾಬರ ಹೊಲದ ಬಾವಿಗೆ ಹೋಗಿರಿ ಎಂದು ಹೇಳಿದಿರಿ. ನೂರಸಾಬರು ಬಾವಿಗೆ ಹೊಸ ಹಗ್ಗ ಹಾಕಿಸಿ, ಯಾರು ಬೇಕಾದರೂ ಸೇದಿರಿ ಅಂದರು. ಹಳ್ಳ ದಾಟಿ ಒಂದು ಮೈಲು. ಹತ್ತಾರು ಮನೆಯವರು ಹೋದರು, ಉಳಿದವರು ನಕ್ಕರು. ನಮ್ಮ ಮನೆಯಲ್ಲಿ ಬಾವಿಯ ನೀರಲ್ಲದೆ ಬೇರೆ ತರಕೂಡದೆಂದು ನೀವು ನನ್ನಿಂದ ಭಾಷೆ ತೆಗೆದುಕೊಂಡಿರಿ.

ಶ್ರಾವಣದಲ್ಲಿ ಫಕೀರಮ್ಮನಿಗೆ ವಾಂತಿಭೇದಿ ಹತ್ತಿತು. ಐದು ವರ್ಷದ ಕೂಸು ಒಂದು ಹಗಲಿನಲ್ಲಿ ಹಿಂಡಿದ ಅರಿವೆಯಂತಾಯಿತು. ಮರುದಿನ ಮಧ್ಯಾಹ್ನ ಹೋಯಿತು. ನೀವು ಗೋಡೆಗೆ ತಲೆ ಬಡಿದುಕೊಂಡು, ನಾನೇ ಹಟ ಹಿಡಿದು ಆ ಬಾವಿಯ ನೀರು ಕುಡಿಸಿ ಮಗಳನ್ನು ಕೊಂದೆ ಅಂದಿರಿ. ಮಣ್ಣಿಗೆ ಬಂದಿದ್ದ ನೂರಸಾಬರ ಮುಂದೆ ನಿಂತು ಎಲ್ಲರ ಎದುರು ಅಂದಿರಿ: "ನಿಮ್ಮ ಬಾವಿ ನನ್ನ ಮಗಳನ್ನ ತಿಂತು."

ಅವರು ತಲೆ ಬಗ್ಗಿಸಿ ಹೋದರು. ಆ ಸಂಜೆಯೇ ಜಾಲಿಯ ಮುಳ್ಳು ಕಡಿದು ಬಾವಿಯ ಬಾಯಿಗೆ ಒಟ್ಟಿದರು. ಬಾವಿಗೆ ಹೋಗುತ್ತಿದ್ದ ಮನೆಗಳೂ ಗುಡ್ಡದ ನೀರಿಗೇ ತಿರುಗಿದವು. ಒಂದು ತಿಂಗಳಲ್ಲಿ ಹನ್ನೊಂದು ಹೆಣ ಎದ್ದವು. ತಿಮ್ಮಣ್ಣನ ಹೆಂಡತಿ ಮತ್ತು ಮಗ ಒಂದೇ ದಿನ ಹೋದರು. ಗುಡ್ಡದ ನೀರು ಬೇಡವೆಂದು ನೀವು ಮತ್ತೆ ಯಾರಿಗೂ ಹೇಳಲಿಲ್ಲ. ನನ್ನ ಮಾತಿಗೆ ಇನ್ನೇನು ಬೆಲೆ ಎಂದು ಕಂಬಕ್ಕೆ ಒರಗಿ ಕೂತಿರಿ. ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಎದ್ದು ಹೋದಿರಿ.

ಈಗ ಬರೆಯಬೇಕಾದದ್ದು ಬರೆಯುತ್ತೇನೆ. ಫಕೀರಮ್ಮ ಕುಡಿದದ್ದು ಬಾವಿಯ ನೀರಲ್ಲ.

ಆ ವಾರ ನಾಲ್ಕು ದಿನ ಜಡಿಮಳೆ. ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆ ಒಂದೊಂದು ಮಣ. ಮನೆಯ ಮುಂದೆ ನೀರು ಹರಿಯುತ್ತಿರುವಾಗ ಮೈಲು ದೂರ ಕೊಡ ಹೊತ್ತುಕೊಂಡು ಹೋಗುವ ನನ್ನನ್ನು ನೋಡಿ ತೊಟ್ಟಿಯ ಬಳಿಯ ಹೆಂಗಸರು ದಿನಾ ನಗುತ್ತಿದ್ದರು. ನೀವು ಗುಡ್ಡದ ಮೇಲೆ ಇರುತ್ತಿದ್ದಿರಿ. ತೊಟ್ಟಿಯ ನೀರು ತಂದೆ. ಎರಡು ಪದರು ಅರಿವೆಯಲ್ಲಿ ಸೋಸಿ, ಚಿಲ್ಲದ ಬೀಜ ತೇಯ್ದು ಹಾಕಿ, ರಾಡಿ ತಳಕ್ಕೆ ಕೂತ ಮೇಲೆ ಮೇಲಿನದನ್ನು ಬಸಿದಿಟ್ಟೆ. ತಿಳಿಯಾಗಿ ಕಂಡಿತು. ನಾಲ್ಕೂ ದಿನ ಹಾಗೆಯೇ ಮಾಡಿದೆ. ನಿಮ್ಮ ತಂಬಿಗೆಗೆ ಮಾತ್ರ ಹಿಂದಿನ ಬಾವಿಯ ನೀರನ್ನು ತೆಗೆದಿಟ್ಟಿದ್ದೆ, ನಿಮಗೆ ರುಚಿ ಗೊತ್ತಾಗುತ್ತದೆಂದು.

ನೀವು ಗೋಡೆಗೆ ತಲೆ ಬಡಿದುಕೊಳ್ಳುವಾಗ ಬಾಯಿ ತೆರೆದೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಎರಡನೆಯ ಹೆಣ ಎದ್ದಿತು. ಆಮೇಲೆ ಹೇಳಿದರೆ ಅವರೆಲ್ಲರ ಸಾವೂ ನನ್ನ ತಲೆಗೆ ಬರುತ್ತದೆಂದು ಹೆದರಿದೆ. ಬಂದೇ ಇತ್ತು, ಹೇಳದಿದ್ದರೂ.

ನೂರಸಾಬರು ಮೂರು ವರ್ಷದ ಹಿಂದೆ ತೀರಿಕೊಂಡರು. ತಮ್ಮ ಬಾವಿಯ ನೀರನ್ನು ಮತ್ತೆ ಬಾಯಿಗೆ ಮುಟ್ಟಿಸಲಿಲ್ಲ. ಹೋದ ವಾರ ಅವರ ಹೆಂಡತಿ ಹಜರತಬೀ ಅಕ್ಕನೂ ಹಾಸಿಗೆ ಹಿಡಿದು ನನಗೆ ಹೇಳಿಕಳಿಸಿದಳು. ಗಂಜಿ ಕುಡಿಸಲು ಹೋದೆ. ಎರಡು ಗುಟುಕು ಕುಡಿದು ನನ್ನ ಮಣಿಕಟ್ಟು ಹಿಡಿದಳು.

"ಆ ನಾಕ ದಿನ ನೀ ನಮ್ಮ ಬಾವೀಗಿ ಬಂದಿದ್ದಿಲ್ಲ ಹುಲಿಗಿ. ನಾ ಹೊಲದಾಗ ಇದ್ದೆ, ಗುಡಿಸಲ ಬಾಗಲದಾಗ."

ನಾನು ಬಟ್ಟಲನ್ನು ಕೆಳಗಿಟ್ಟೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕೂಸು ಕಳಕೊಂಡಾಕಿಗೆ ಏನಂತ ಹೇಳಲಿ," ಅಂದಳು. ಗಂಡನಿಗೂ ಹೇಳಲಿಲ್ಲ, ಹೇಳಿದ್ದರೆ ಅವರು ಊರ ಮುಂದೆ ನಿಂತು ಕೂಗುತ್ತಿದ್ದರು, ನಿನ್ನ ಗತಿ ಏನಾಗುತ್ತಿತ್ತು ಅಂದಳು. ಹನ್ನೊಂದು ಮಂದಿಯನ್ನು ನೆನೆಸಿಕೊಂಡು ತಾನೂ ಐದು ವರ್ಷ ನಿದ್ದೆಗೆಟ್ಟಿದ್ದೇನೆ ಅಂದಳು. ಎರಡು ದಿನ ಕಳೆದು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಶಬ್ಬೀರಸಾಬನಿಗೆ ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. "ಅಬ್ಬಾ ಸಾಯೂತನಾ ಕೇಳ್ತಿದ್ರು, ನನ್ನ ನೀರಾಗ ಏನಿತ್ತಂತ," ಅಂದ. ಆಮೇಲೆ ಎದ್ದು ಕುಡಗೋಲು ತಂದ. ಇಬ್ಬರೂ ಸೇರಿ ಬಾವಿಯ ಮುಳ್ಳು ತೆಗೆದೆವು. ಮರುದಿನ ಬೆಳಿಗ್ಗೆ ತೊಟ್ಟಿಯ ಕಟ್ಟೆಯ ಮೇಲೆ ನಿಂತು ಊರಿನವರಿಗೂ ಹೇಳಿದೆ. ಕೆಲವರು ಉಗುಳಿದರು. ಕೆಲವು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಮನೆಗೆ ಹೋದರು. ತಿಮ್ಮಣ್ಣ ಕೊನೆಯವರೆಗೂ ನಿಂತು ಕೇಳಿ ನಡೆದುಬಿಟ್ಟ. ಇವತ್ತಿನವರೆಗೆ ನನ್ನೊಡನೆ ಮಾತಾಡಿಲ್ಲ. ಜನ ಈಗ ಬಾವಿಗೆ ಹೋಗುತ್ತಾರೆ. ನಾನು ಹೋದಾಗ ಸರಿದು ನಿಲ್ಲುತ್ತಾರೆ, ಹಗ್ಗ ಮಾತ್ರ ಬಿಟ್ಟುಕೊಡುತ್ತಾರೆ.

ನಿಮ್ಮನ್ನು ಬನ್ನಿ ಎಂದು ಕರೆಯುವುದಿಲ್ಲ. ಕರೆಯುವ ಬಾಯಿ ನನಗಿಲ್ಲ. ನೀವು ಹೇಳಿದ್ದು ಖರೆ ಇತ್ತು, ಗಿಡದ ಮಾತು, ನೀರಿನ ಮಾತು ಎರಡೂ. ನಿಮ್ಮ ಕೈಯಿಂದ ನಿಮ್ಮ ಮಗಳು ಸಾಯಲಿಲ್ಲ. ಇಷ್ಟನ್ನು ತಿಳಿದುಕೊಂಡು ಒಂದು ಹೊತ್ತಾದರೂ ನೆಮ್ಮದಿಯಿಂದ ಊಟ ಮಾಡಿರಿ. ಶಬ್ಬೀರಸಾಬನ ಜೊತೆ ಎರಡು ಮಾತಾಡಿರಿ. ಅವನ ಅಪ್ಪನಿಗೆ ಅನ್ನಬೇಕಾದದ್ದನ್ನು ಅವನಿಗೆ ಅನ್ನಿರಿ.

ನಿಮ್ಮವಳು ಎಂದು ಬರೆಯಲು ಕೈ ಬಾರದ
ಹುಲಿಗವ್ವ

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಒಂದನ್ನು ಬಚ್ಚಿಟ್ಟಿದ್ದೆ. ಮೊದಲ ದಿನವೇ ಕೂಸು ಒಂದು ಗುಟುಕು ಕುಡಿದು, "ಅವ್ವಾ, ಇದು ದಿನಾ ಕುಡಿಯೋ ನೀರಲ್ಲ," ಅಂದಿತ್ತು. ಸುಮ್ಮನೆ ಕುಡಿ, ಅಪ್ಪನ ಮುಂದೆ ಹೇಳಬೇಡ ಅಂದೆ. ವಾಂತಿಯಾಗಿ ಸೋತು ಮಲಗಿದ್ದಾಗ ನೀವು ಬಗ್ಗಿ, ಎಲ್ಲಿಯ ನೀರು ಕುಡಿದಿ ತಾಯಿ ಎಂದು ಕೇಳಿದಿರಲ್ಲ, ಆಗ ಅದು ನನ್ನ ಮುಖ ನೋಡಿತು. ಬಾವಿದು ಅಂದಿತು.