ಮುಚ್ಚಳದ ಬದಿಯ ನಗುವ ಸೂರ್ಯ

ಅಡುಗೆಮನೆಯ ಮೇಜು,
ಮಾರ್ಚ್ ೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಹೊಸ ಊರಿನ ಅಂಗಡಿಗೆ ಕಡಿದಾದ ಮೆಟ್ಟಿಲುಗಳಿವೆ ಎಂದಿದ್ದೆ. ಕಂಬಿ ಹಿಡಿದು ಹತ್ತು, ಇಳಿಯುವಾಗ ಫೋನು ಜೇಬಿನಲ್ಲಿರಲಿ. ಊಟ ತಡವಾದರೆ ನಿನಗೆ ಎದೆಯುರಿ ಬರುತ್ತದೆ ಎಂಬುದನ್ನು ಈ ವಯಸ್ಸಿನಲ್ಲೂ ನಾನೇ ನೆನಪಿಸಬೇಕೇ? ನಾನು ಕ್ಷೇಮ. ಇದರ ಬೆನ್ನಿಗೇ ‘ಮನೆಯಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವುದು ನನ್ನ ಕೈಗೆ ಎಂದಿನ ರೂಢಿ. ಇಂದು ಕೈಯನ್ನು ತಡೆದಿದ್ದೇನೆ.

ಫೋನು ಇರುವಾಗ ಪತ್ರವೇಕೆ ಎಂದು ನೀನು ಹುಬ್ಬೇರಿಸುತ್ತೀಯೆ. ಫೋನಿನಲ್ಲಿ ನನ್ನ ವಾಕ್ಯಗಳು ಪೂರ್ಣವಿರಾಮವನ್ನೇ ಕಾಣುವುದಿಲ್ಲವಪ್ಪಾ. “ಆಯ್ತಕ್ಕ, ಗೊತ್ತಾಯ್ತಕ್ಕ, ಇನ್ನೊಂದು ಕಾಲ್ ಬರ್ತಿದೆ, ಆಮೇಲೆ ಮಾಡ್ತೀನಿ” ಎಂದು ನೀನು ನಡುವೆಯೇ ಕತ್ತರಿ ಹಾಕುತ್ತೀಯೆ. ಪತ್ರಕ್ಕೆ ನೀನು ಕತ್ತರಿ ಹಾಕಲಾರೆ. ಹರಿದು ಎಸೆಯಬಹುದು, ಆದರೆ ನೀನು ಮೊದಲು ಓದಿಯೇ ಎಸೆಯುವವನು. ನಿನಗೆ ಅಕ್ಷರ ತಿದ್ದಿಸಿದವಳಿಗೆ ಅಷ್ಟು ಗೊತ್ತು.

ಭಾನುವಾರ ನೀನು ಆಡಿದ ಮಾತು ನನಗೆ ಪದಶಃ ನೆನಪಿದೆ. “ಗುಬ್ಬಿ ಕೈಲಿ ಒಂದೇ ಒಂದು ಮಾತು ಹೇಳಿಸು ಅಕ್ಕ. ತಾನೇ ಅವಸರದಲ್ಲಿ ಮುಚ್ಚಳ ತೆಗೆದೆ ಅಂತ. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ಕೊಂಡು ಹೋಗ್ತಾರೆ, ಮುಗೀತು. ಮನೆ ವಿಷಯ ಮನೇಲೇ ಇರ್ಲಿ.” ಇದನ್ನು ಹೇಳುವಾಗ ನಿನ್ನ ದನಿ ಎಷ್ಟು ಮೆತ್ತಗಿತ್ತೆಂದರೆ, ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದು ತಂಗಿಯನ್ನು ಮುಂದೆ ಮಾಡಿಕೊಂಡು ಬಂದು ನಿಲ್ಲುತ್ತಿದ್ದೆಯಲ್ಲ, ಆ ಹುಡುಗನೇ ಮಾತನಾಡಿದಂತಾಯಿತು. ಆ ತಂಗಿ ಈಗಿಲ್ಲ. ಈ ಸಲ ಅವಳ ಮಗಳನ್ನು ಮುಂದೆ ಮಾಡುತ್ತಿದ್ದೀಯೆ.

ನೀನು ನೋಡಿಲ್ಲವಾದ್ದರಿಂದ ಮೊದಲು ಅವಳ ಸ್ಥಿತಿಯನ್ನು ಬರೆಯುತ್ತೇನೆ. ಕಣ್ಣು ಸುಧಾರಿಸಿದೆ. ಅಂದು ಇಲ್ಲಿನ ನಿನ್ನ ಪ್ರೆಸ್ಸಿನಲ್ಲಿ ಅವಳು ಮುದ್ರಿಸುತ್ತಿದ್ದುದು ಕನ್ನಡಿಯಂತೆ ಹೊಳೆಯುವ ಉಕ್ಕಿನ ಬಾಗಿಲುಫಲಕಗಳನ್ನು. ಫಲಕದ ಮೂಲೆ ಎದ್ದಾಗಲೆಲ್ಲ, ಶಾಯಿ ಒಣಗಿಸುವ ದೀಪ ಉರಿಯುತ್ತಿರುವಾಗಲೇ ಬಗ್ಗಿ ಅದುಮಿದ್ದಾಳೆ. ಒಂದರ ನಂತರ ಒಂದು, ಮಧ್ಯಾಹ್ನವೆಲ್ಲ. ಆ ಹೊತ್ತಿಗೆ ಏನೂ ಅನಿಸಿಲ್ಲ. ಸಂಜೆ ಮನೆಗೆ ಬಂದು ಅನ್ನ ಕಲಸುತ್ತಿದ್ದವಳು “ಕಣ್ಣಲ್ಲಿ ಮರಳು ಸುರಿದ ಹಾಗಾಗ್ತಿದೆ ದೊಡ್ಡಮ್ಮ” ಎಂದಳು. ಸ್ವಲ್ಪ ಹೊತ್ತಿನಲ್ಲೇ ರೆಪ್ಪೆ ತೆರೆಯಲಾಗದೆ ಗೋಡೆ ತಡವುತ್ತ ಹೋದಳು. ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ “ವೆಲ್ಡಿಂಗ್ ಮಾಡ್ತೀರಾ?” ಎಂಬುದು. ಪ್ರಿಂಟಿಂಗ್ ಎಂದರೆ ಅವರು ನಂಬಲೇ ಇಲ್ಲ. ಆ ದೀಪದ ನೇರಳೆ ಬಣ್ಣವಷ್ಟೇ ನಮಗೆ ಕಾಣುತ್ತದೆ. ಸುಡುವ ಭಾಗ ಕಾಣುವುದಿಲ್ಲ. ಅದಕ್ಕೆ ಬೇರೆಯೇ ಕನ್ನಡಕ ಬೇಕು. ನೀನು ತಂದಿಟ್ಟಿದ್ದದ್ದು ರಸ್ತೆಬದಿಯ ತಂಪು ಕನ್ನಡಕ. ಅದು ಕಪ್ಪಗಿದ್ದರೆ ಸಾಲದು ತಮ್ಮಾ. ಕತ್ತಲಾಯಿತೆಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡು, ಬರಬಾರದ ಬೆಳಕಿಗೆ ಇನ್ನಷ್ಟು ದಾರಿ ಬಿಡುತ್ತದೆ.

ಕಣ್ಣು ವಾಸಿಯಾಯಿತು, ಕೈ ಆಗಲಿಲ್ಲ. ಬೆರಳುಗಳ ಸಂದಿನಲ್ಲಿ ಕೆಂಪಗೆ ಊದಿ, ಸೀಳಿ, ನೀರು ಒಸರುತ್ತಿದೆ. ಬೆಳಕು ಬೀಳುವ ತನಕ ಆ ಶಾಯಿ ಹಸಿಯಾಗಿಯೇ ಇರುತ್ತದೆ. ತೆಳ್ಳನೆಯ ಕೈಗವಸಿನೊಳಕ್ಕೆ ಅದು ಇಳಿಯುತ್ತದೆ, ಮತ್ತು ಯಂತ್ರ ಒರೆಸುವ ದ್ರಾವಣದಿಂದಲೇ ಕೈ ತೊಳೆದರೆ ಇನ್ನೂ ಆಳಕ್ಕೆ ಹೋಗುತ್ತದೆ. “ಸೋಪಿಗಿಂತ ಬೇಗ ಹೋಗುತ್ತೆ, ಇದರಲ್ಲೇ ತೊಳ್ಕೊ” ಎಂದು ಅವಳಿಗೆ ಹೇಳಿಕೊಟ್ಟವನು ನಿನ್ನ ಮೇಸ್ತ್ರಿ, ಇಡೀ ಅಂಗಡಿ ‘ಬೇಗಣ್ಣ’ ಎಂದು ಕರೆಯುವ ಆ ಮಹಾನುಭಾವ. ಅವನಿಗೆ ಹೇಳಿಕೊಟ್ಟವನು ನೀನು. ವೈದ್ಯೆ ನನಗೆ ಬಿಡಿಸಿ ಹೇಳಿದರು: ಇವಳ ಚರ್ಮ ಆ ಶಾಯಿಯನ್ನು ಗುರುತು ಹಿಡಿದುಬಿಟ್ಟಿದೆ, ಇನ್ನು ಒಂದು ಹನಿ ತಾಕಿದರೂ ಹೀಗೆಯೇ ಉರಿದೇಳುತ್ತದೆ, ಬಹುಶಃ ಬದುಕಿರುವವರೆಗೂ, ಹಲ್ಲಿನ ಕುಳಿಗೆ ತುಂಬುವುದೂ ಇದೇ ಜಾತಿಯ ಅಂಟಾದ್ದರಿಂದ ಅಲ್ಲಿಯೂ ಮೊದಲೇ ಹೇಳಬೇಕು. ಇಷ್ಟು ವರ್ಷ ಪಾಠ ಮಾಡಿದ ಮೇಲೆ, ಕಲಿತದ್ದನ್ನು ಎಂದೂ ಮರೆಯದ ವಿದ್ಯಾರ್ಥಿಯನ್ನು ನಾನು ಕಂಡೆ. ಅದು ಗುಬ್ಬಿಯ ಚರ್ಮ.

ಎರಡು ಹಸಿರುಗಳ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ದೂರದಿಂದಲೇ ಹಿಡಿಯುವ ಹುಡುಗಿ ಅವಳು. “ನನ್ನ ಸೊಸೆ ಕಣ್ಣೇ ನನ್ನ ಬಂಡವಾಳ” ಎಂದು ಗಿರಾಕಿಗಳ ಮುಂದೆ ನೀನು ಎದೆಯುಬ್ಬಿಸುತ್ತಿದ್ದೆ. ಬಂಡವಾಳವನ್ನು ಯಾರಾದರೂ ಹಾಗೆ ಬೆಂಕಿಗೆ ಒಡ್ಡುತ್ತಾರೆಯೇ?

ಈಗ ಮುಚ್ಚಳದ ವಿಷಯಕ್ಕೆ ಬರುತ್ತೇನೆ. ಗುರುವಾರ ನಾನು ಅವಳ ಕೆಲಸದ ಚಪ್ಪಲಿ, ಊಟದ ಡಬ್ಬಿ ತರಲು ಇಲ್ಲಿನ ಅಂಗಡಿಗೆ ಹೋಗಿದ್ದೆ. ಯಂತ್ರ ಓಡುತ್ತಿತ್ತು, ಮುಚ್ಚಳ ತೆರೆದೇ ಇತ್ತು. ಈ ಯಂತ್ರ ಬಂದ ವಾರ ಅದರ ಜೊತೆಗಿದ್ದ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವಳು ನಾನು. ಮುಚ್ಚಳ ತೆರೆದರೆ ದೀಪ ತಾನಾಗಿ ಆರಬೇಕು, ಅದಕ್ಕಾಗಿ ಅಂಚಿನಲ್ಲಿ ಒಂದು ಕಾವಲು ಗುಂಡಿಯಿದೆ ಎಂಬುದನ್ನೂ, ಕನ್ನಡಕ, ಕೈಗವಸು, ಗಾಳಿ ಹೊರಗೆಳೆಯುವ ಫ್ಯಾನು ಎಲ್ಲವನ್ನೂ ನಮ್ಮ ಭಾಷೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದೆ. ನೀನು ಅದನ್ನು ಇಳಿಸಿದೆ. “ಗಿರಾಕಿಗಳು ಓದಿದ್ರೆ ಇದು ಪ್ರೆಸ್ಸೋ ಸ್ಮಶಾನಾನೋ ಅಂತ ಕೇಳ್ತಾರೆ ಅಕ್ಕ” ಎಂದು ನಕ್ಕೆ. ಆ ಫಲಕವನ್ನು ಗುರುವಾರ ಮತ್ತೆ ಕಂಡೆ. ಸೋರುವ ಶಾಯಿ ಬಾಟಲಿಯ ಅಡಿಯಲ್ಲಿ ಹಾಸಿದ್ದರು. ‘ಎಚ್ಚರಿಕೆ’ ಎಂಬ ಪದದಲ್ಲಿ ಒತ್ತಕ್ಷರ ಮಾತ್ರ ಉಳಿದಿತ್ತು, ಮಿಕ್ಕದ್ದೆಲ್ಲ ಕೆನ್ನೀಲಿ.

ತೆರೆದ ಮುಚ್ಚಳವಿದ್ದೂ ದೀಪ ಏಕೆ ಉರಿಯುತ್ತಿದೆ ಎಂದು ಬಗ್ಗಿ ನೋಡಿದರೆ, ಕಾವಲು ಗುಂಡಿಯ ಮೇಲೆ ಒಂದು ದುಂಡನೆಯ ಬಿಲ್ಲೆ: ಹಳದಿ ಮುಖ, ಕೆಂಪು ಕೆನ್ನೆ, ನಗುವ ಸೂರ್ಯ. ಶಿಶುವಿಹಾರದವರಿಗಾಗಿ ನೀವು ಮಾಡಿಕೊಟ್ಟ, ಹಿಂದೆ ಅಯಸ್ಕಾಂತ ಅಂಟಿಸಿದ ಬಿಲ್ಲೆಗಳಲ್ಲಿ ಮಿಕ್ಕಿದ್ದು. ಮುದ್ರಿಸಿದವಳು ಗುಬ್ಬಿಯೇ. ಅಯಸ್ಕಾಂತ ಅಲ್ಲಿ ಕುಳಿತಿದ್ದರೆ ಯಂತ್ರಕ್ಕೆ ಮುಚ್ಚಳ ಮುಚ್ಚಿದಂತೆಯೇ ಲೆಕ್ಕ. ನಾನು ಅದನ್ನು ಕಿತ್ತೆ. ದೀಪ ಆರಿತು. ಬೇಗಣ್ಣ ಕೈಬೀಸುತ್ತ ಓಡಿಬಂದ. “ಅಯ್ಯೋ ಟೀಚರಮ್ಮ, ಅದನ್ಯಾಕೆ ಮುಟ್ಟಿದ್ರಿ! ಇನ್ನು ಲ್ಯಾಂಪು ತಣ್ಣಗಾಗಿ ಮತ್ತೆ ಬಿಸಿಯಾಗೋವರೆಗೂ ನಾವೆಲ್ಲ ನೊಣ ಹೊಡೀಬೇಕು. ಯಜಮಾನ್ರೇ ಕೈಯಾರೆ ಇಟ್ಟಿದ್ದು ಅದು, ಸುಮ್ನೆ ಅಲ್ಲ!” ಅವನ ದನಿಯಲ್ಲಿ ಹೆಮ್ಮೆ ಇತ್ತು. ನೀನು ಕಂಡುಹಿಡಿದ ಜಾಣತನವೆಂದು ಅವರೆಲ್ಲ ಅದನ್ನು ಮೆಚ್ಚಿಕೊಂಡಿದ್ದಾರೆ. ಬಿಲ್ಲೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡು ಬಂದೆ. ಅದು ಈಗ ಈ ಮೇಜಿನ ಮೇಲಿದೆ, ನಾನು ಬರೆಯುವುದನ್ನು ನೋಡಿ ನಗುತ್ತಿದೆ.

ಗುಬ್ಬಿಗೆ ನಿನ್ನ ಬೇಡಿಕೆಯನ್ನು ನಾನು ತಿಳಿಸಿರಲಿಲ್ಲ. ನನ್ನನ್ನು ನಂಬದೆ ನೀನೇ ಅವಳಿಗೂ ಫೋನು ಮಾಡಿದೆಯೆಂದು ನಿನ್ನೆ ತಿಳಿಯಿತು. ಅವಳು ಒಪ್ಪಿಕೊಂಡಿದ್ದಾಳೆ! “ಮಾವ ಬೇಕು ಅಂತ ಮಾಡಿದ್ರಾ ದೊಡ್ಡಮ್ಮ? ಅಮ್ಮ ಹೋದಾಗ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ದು ಯಾರು? ನಾನೇ ತೆಗೆದೆ ಅಂದ್ರೆ ನನಗೇನು ನಷ್ಟ?” ಎನ್ನುತ್ತಾಳೆ. ಏನು ನಷ್ಟವೆಂದು ನಿನಗೆ ಗೊತ್ತು. ತಪ್ಪು ಅವಳದೇ ಎಂದಾದರೆ ಚಿಕಿತ್ಸೆಯ ಹೊಣೆಯೂ ಅವಳದೇ, ಬೇಜವಾಬ್ದಾರಿಯವಳೆಂಬ ಕೆಟ್ಟ ಹೆಸರೂ ಅವಳದೇ, ಮತ್ತು ಆ ಮುಚ್ಚಳದ ಮುಂದೆ ನಾಳೆ ಇನ್ನೊಬ್ಬಳು ಬಂದು ಬಗ್ಗುತ್ತಾಳೆ. ಚಮಚ ಹಿಡಿಯಲಾಗದೆ ನನ್ನ ಕೈತುತ್ತು ತಿನ್ನುತ್ತಾ ನಿನ್ನ ಪರ ವಾದಿಸುತ್ತಾಳೆ. ಇಂಥ ಪ್ರೀತಿಯನ್ನು ಯಾವ ಮುಖವಿಟ್ಟುಕೊಂಡು ಬಳಸಿಕೊಳ್ಳುತ್ತೀಯೆ?

ನಾನು ಕೇಳುವುದು ಇಷ್ಟೇ. ಆಸ್ಪತ್ರೆಯವರ ವರದಿಯ ಮೇಲೆ ಇನ್ಸ್‌ಪೆಕ್ಟರ್ ಬರುವ ಸೋಮವಾರ ಬರುತ್ತಾರೆ. ಅದಕ್ಕೆ ಮೊದಲು ನೀನೇ ಬಾ. ಬಂದು, ಯಂತ್ರದ ಪಕ್ಕದಲ್ಲಿ ನಿಂತು, ‘ಬಿಲ್ಲೆ ಇಟ್ಟವನು ನಾನು’ ಎಂದು ಹೇಳು. ಕರ್ತೃಪದವಿಲ್ಲದ ವಾಕ್ಯವನ್ನು ನಾನು ಎಂದೂ ಒಪ್ಪಿದವಳಲ್ಲ. ‘ಅಚಾತುರ್ಯವಾಯಿತು’, ‘ಗಮನಕ್ಕೆ ಬರಲಿಲ್ಲ’ ಎಂದು ಸುತ್ತಿ ಬಳಸಬೇಡ. ನೀನು ಹೇಳಿದರೆ ಅವಳು ಸುಳ್ಳು ಹೇಳಬೇಕಾಗಿಲ್ಲ, ನಾನು ಬಾಯಿ ತೆರೆಯಬೇಕಾಗಿಲ್ಲ. ದಾರಿ ಕಾಯುತ್ತೇನೆ. ಹಾಸಿಗೆ ಹೊದಿಕೆ ಒಗೆದು ಇಟ್ಟಿದ್ದೇನೆ.

ಔಷಧಿ ತಪ್ಪಿಸಬೇಡ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ನಿನಗೂ ಆಶೀರ್ವಾದವಿದೆ, ಕೋಪ ಬಂದಿದೆಯೆಂದು ಅದನ್ನು ಹಿಂತೆಗೆದುಕೊಳ್ಳುವ ಪದ್ಧತಿ ನನ್ನಲ್ಲಿಲ್ಲ.

ಇತಿ,
ನಿನ್ನ ಅಕ್ಕ

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕ್ಷಮಿಸು. ಇನ್ಸ್‌ಪೆಕ್ಟರ್ ಸೋಮವಾರದವರೆಗೆ ಕಾಯಲಿಲ್ಲ, ಇಂದೇ ಮಧ್ಯಾಹ್ನ ಮನೆಗೇ ಬಂದರು. ಗುಬ್ಬಿ ನೀನು ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು: “ನಾನೇ ಅವಸರದಲ್ಲಿ ಮುಚ್ಚಳ ತೆಗೆದೆ ಸರ್, ಮಾವನದೇನೂ ತಪ್ಪಿಲ್ಲ.” ಅವರು ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ ಏಳುತ್ತಿದ್ದರು. ಆಗ ನಾನು ಬಿಲ್ಲೆಯನ್ನು ಅವರ ಮುಂದೆ ಇಟ್ಟೆ. ಎಲ್ಲಿತ್ತು, ಯಾರು ಇಟ್ಟರು ಎಂಬುದನ್ನು ಕರ್ತೃಪದ ಸಮೇತ ಹೇಳಿದೆ. ಅವರು ಮತ್ತೆ ಕುಳಿತರು. ಸಂಜೆ ಹೊತ್ತಿಗೆ ನಿನ್ನ ಯಂತ್ರಕ್ಕೆ ಮೊಹರು ಬಿದ್ದಿದೆ. ಬೇಗಣ್ಣ ನಿನಗೆ ಫೋನು ಮಾಡಿರುತ್ತಾನೆ. ಗುಬ್ಬಿ ಆಗಿನಿಂದ ನನ್ನೊಡನೆ ಮಾತು ಬಿಟ್ಟು, ಗೋಡೆಗೆ ಮುಖ ಮಾಡಿ ನಿನಗಾಗಿ ಅಳುತ್ತಿದ್ದಾಳೆ. ಆ ಕೈಗಳಿಂದ ಕಣ್ಣು ಮುಟ್ಟಬಾರದೆಂದು ವೈದ್ಯೆ ಕಟ್ಟಪ್ಪಣೆ ಮಾಡಿದ್ದಾರೆ. ಒರೆಸಲು ನಾನು ಹೋದರೆ ತಲೆ ಕೊಡವುತ್ತಾಳೆ. ನನ್ನ ಮೇಲೆ ಎಷ್ಟು ಸಿಟ್ಟು ಬೇಕಾದರೂ ಮಾಡಿಕೊ, ಆದರೆ ಬಾ. ಅವಳ ಕಣ್ಣೊರೆಸುವುದಕ್ಕಾದರೂ ಬಾ.